ಕೌದಿಯನ್ನು ಮಗುಚಿ ನೋಡಿ: ರಸಿಕರಿಗೊಂದು ಕೈಪಿಡಿ

ಕೌದಿ ನೋಡುವುದನ್ನು ಕಲಿಯಬೇಕೆಂದಿರುವವರು ಮೊದಲು ಅದನ್ನು ಮಗುಚಿ ಹಾಕಬೇಕು. ಮೇಲ್ಮೈಯ ಬಣ್ಣ ಎಂಥವರನ್ನೂ ಸೆಳೆಯುತ್ತದೆ, ಅದಕ್ಕೆ ಕಲಿಕೆ ಬೇಕಿಲ್ಲ. ಬೆನ್ನಿನ ಕಡೆ ಬಣ್ಣದ ಗದ್ದಲ ಕಡಿಮೆ. ಅಲ್ಲಿ ಒಂದು ಹಳೆಯ ಸೀರೆಯೋ ಪಂಚೆಯೋ ಹಾಸಿಕೊಂಡಿರುತ್ತದೆ, ಅದರ ಮೇಲೆ ಹೊಲಿಗೆ ಮಾತ್ರ ಎದ್ದು ಕಾಣುತ್ತದೆ. ಸಾಲು ಎಲ್ಲಿ ಶುರುವಾಯಿತು, ಎಲ್ಲಿ ತಿರುವು ತೆಗೆದುಕೊಂಡಿತು, ಎಲ್ಲಿ ದಾರ ಮುಗಿದು ಹೊಸ ಎಳೆ ಬಂತು, ಎಲ್ಲಿ ಬಟ್ಟೆ ದಪ್ಪವಾಗಿ ಸೂಜಿ ತಿಣುಕಿತು, ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಕೌದಿಯನ್ನು ಹಿಡಿದಿಟ್ಟಿರುವುದು ಹೊಲಿಗೆ. ಆದ್ದರಿಂದ ಅದರ ಚೆಲುವನ್ನು ಅಳೆಯುವುದೂ ಹೊಲಿಗೆಯಿಂದಲೇ ಶುರುವಾಗಬೇಕು. ಈ ಕೈಪಿಡಿಯಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ, ಉಳಿದದ್ದು ಅದರ ವಿವರ.

ಈ ಕಲಿಕೆಗೆ ಸೊರಬ–ಶಿಕಾರಿಪುರ ಸೀಮೆಯ ಕ್ಯಾಸನೂರಿಗಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಹೊರಗಿನವರು ಈ ಊರಿನ ಹೆಸರು ಕೇಳಿರುವುದು 1957ರಲ್ಲಿ ಇಲ್ಲಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯಿಂದ. ಆದರೆ ನಕಾಶೆ ತೆಗೆದು ನೋಡಿ. ಬಡಗಣಕ್ಕೆ ಹಾನಗಲ್ಲು, ಹಿರೇಕೆರೂರು. ಅಲ್ಲಿಂದಾಚೆ ಬಯಲುಸೀಮೆಯ ಕೌದಿ. ಪಡುವಣಕ್ಕೆ ಶಿರಸಿ, ಅದನ್ನು ದಾಟಿದರೆ ಮುಂಡಗೋಡ, ಯಲ್ಲಾಪುರ. ಅಲ್ಲಿ ಸಿದ್ದಿ ಹೆಂಗಸರ ಕೌದಿ. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳು. ಅಲ್ಲಿ ಕನ್ನಡಿ ಕೂರಿಸಿದ ಪದರದ ಹೊಲಿಗೆ. ಒಂದು ದಿನದ ಓಡಾಟದಲ್ಲಿ ಮೂರು ಬಗೆಯ ಕೈ ನೋಡಿ ಬರಬಹುದು.

ಪದರ

ಬೆನ್ನು ನೋಡಿದ ಮೇಲೆ ಒಂದು ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ. ಒಳಗೆ ಎಷ್ಟು ಪದರ ಇದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ನಮ್ಮ ಕೌದಿಯಲ್ಲಿ ಸಾಮಾನ್ಯವಾಗಿ ಹತ್ತಿ ತುಂಬುವುದಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಅಷ್ಟೇ. ಆರು ಗಜದ ಸೀರೆ ಅಂದರೆ 18 ಅಡಿ. ಅದನ್ನು ಮೂರು ಸಮಭಾಗ ಮಡಚಿದರೆ 6 ಅಡಿ ಉದ್ದ, ಸುಮಾರು 4 ಅಡಿ ಅಗಲ, ಮೂರು ಪದರ. ಒಬ್ಬರು ಹೊದೆಯುವ ಕೌದಿಯ ಮೈ ಒಂದೇ ಸೀರೆಯಿಂದ ಸಿದ್ಧವಾಯಿತು. ಕತ್ತರಿಯನ್ನೂ ಮುಟ್ಟಬೇಕಿಲ್ಲ.

ಹಳೆಯ ಬಟ್ಟೆಯನ್ನೇ ಬಳಸುವುದಕ್ಕೆ ಬಡತನ ಒಂದೇ ಕಾರಣವೆಂದು ತಿಳಿಯಬೇಡಿ. ವರ್ಷಗಟ್ಟಲೆ ಒಗೆಸಿಕೊಂಡ ನೂಲಿನ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ. ಕುಗ್ಗಬೇಕಾದಷ್ಟು ಕುಗ್ಗಿ, ಬಿಡಬೇಕಾದ ಬಣ್ಣ ಬಿಟ್ಟಾಗಿರುತ್ತದೆ. ಅಂಥ ಬಟ್ಟೆ ಸೂಜಿಗೆ ದಾರಿ ಕೊಡುತ್ತದೆ, ಮೈಗೂ ಹಿತ. ಹೊಸ ಬಟ್ಟೆಯನ್ನು ಹಳೆಯದರ ಜೊತೆ ಕೂಡಿಸಿ ಹೊಲಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ, ಹಳೆಯದನ್ನು ಎಳೆದು, ಸುಕ್ಕು ಬೀಳಿಸುತ್ತದೆ. ಗಟ್ಟಿ ಬಟ್ಟೆಯ ಪಕ್ಕ ಸವೆದ ಬಟ್ಟೆ ಬಂದರೆ ಹರಿಯುವುದು ಸವೆದದ್ದೇ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತ ಹೆಂಗಸು ಒಂದೊಂದು ತುಂಡನ್ನೂ ಮುಟ್ಟಿ, ಬೆಳಕಿಗೆ ಹಿಡಿದು, ಬೇರೆ ಬೇರೆ ಗುಂಪು ಮಾಡುತ್ತಾಳಲ್ಲ, ಕೌದಿಯ ಅರ್ಧ ಹಣೆಬರಹ ತೀರ್ಮಾನವಾಗುವುದು ಆಗಲೇ. ನೋಡುವ ಅವಕಾಶ ಸಿಕ್ಕರೆ ಆ ಹೊತ್ತನ್ನು ಬಿಡಬೇಡಿ.

ಸಾಲು

ಹೊಲಿಗೆಯೇನೋ ಸರಳ. ಸೂಜಿ ಕೆಳಗೆ ಹೋಗಿ ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಎಳೆಯ ಮಕ್ಕಳೂ ಮೊದಲು ಕಲಿಯುವುದು ಇದನ್ನೇ. ಇದನ್ನು ಆರು ಅಡಿ ಉದ್ದಕ್ಕೂ, ಸಾಲಿನ ಪಕ್ಕ ಸಾಲಾಗಿ, ಒಂದೇ ಬಿಗಿಯಲ್ಲಿ ಹಾಕುವುದು ಬೇರೆಯೇ ವಿದ್ಯೆ. ದಾರ ಬಿಗಿಯಾದರೆ ಬಟ್ಟೆ ನೆರಿಗೆ ಕಟ್ಟುತ್ತದೆ. ಸಡಿಲವಾದರೆ ಕಾಲುಂಗುರಕ್ಕೋ ಬಳೆಗೋ ಸಿಕ್ಕಿಕೊಂಡು ಕಿತ್ತು ಬರುತ್ತದೆ.

ಸಾಲನ್ನು ಹೀಗೆ ಓದಿ. ಟಾಕಿನ ಉದ್ದವನ್ನೂ ನಡುವಿನ ಖಾಲಿಯನ್ನೂ ಹೋಲಿಸಿ ನೋಡಿ. ಪಳಗಿದ ಕೈಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ ಇರುತ್ತವೆ, ಹಾಗಾಗಿ ಕೌದಿಯ ಎದುರಿಗೂ ಬೆನ್ನಿಗೂ ಒಂದೇ ಮುಖ. ಆಮೇಲೆ ಸಾಲು ಸಾಲಿನ ನಡುವಿನ ಅಂತರ ನೋಡಿ. ಅಂತರ ಕಿರಿದಾದಷ್ಟೂ ಕೌದಿ ಗಟ್ಟಿ, ಬಾಳಿಕೆ ಹೆಚ್ಚು, ಕೆಲಸವೂ ಹೆಚ್ಚು. ಎಲ್ಲಿ ಸಾಲು ಸೊಟ್ಟಗಾಗಿದೆಯೋ ಅಲ್ಲಿ ಕಣ್ಣು ನಿಲ್ಲಿಸಿ. ಅಲ್ಲಿ ಒಳಗೊಂದು ದಪ್ಪ ಅಂಚು ಅಡಗಿರಬಹುದು, ಸಾಲು ಅದನ್ನು ಬಳಸಿಕೊಂಡು ಹೋಗಿರಬಹುದು. ಅಳತೆಪಟ್ಟಿ ಇಟ್ಟು ಗೆರೆ ಎಳೆಯದೆ, ಚೌಕಟ್ಟಿಗೆ ಕಟ್ಟದೆ, ನೆಲಕ್ಕೆ ಹಾಸಿ ಅದರ ಮೇಲೇ ಕೂತು ಹೊಲಿದದ್ದು ಅದು. ಕೂತವಳ ಮೈಭಾರವೇ ಪದರಗಳನ್ನು ಜಾರದಂತೆ ಹಿಡಿದಿರುತ್ತದೆ.

ಕೈಹೊಲಿಗೆಯೋ ಮಷಿನ್ ಹೊಲಿಗೆಯೋ ಎಂಬ ಅನುಮಾನ ಬಂದರೂ ಉತ್ತರ ಬೆನ್ನಿನಲ್ಲೇ ಇದೆ. ಮಷಿನ್ನಿನ ಗೆರೆ ಎರಡೂ ಕಡೆ ಎಡೆಬಿಡದೆ ಓಡುತ್ತದೆ. ಕೈಯದು ಬಿಟ್ಟು ಬಿಟ್ಟು ಬರುತ್ತದೆ: ಎದುರಿಗೆ ಟಾಕು ಇದ್ದಲ್ಲಿ ಬೆನ್ನಿಗೆ ಖಾಲಿ, ಬೆನ್ನಿಗೆ ಟಾಕು ಇದ್ದಲ್ಲಿ ಎದುರಿಗೆ ಖಾಲಿ. ಹೀಗೆ ಹೊಲಿದಾಗ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದೆ. ಆ ಉಬ್ಬಿನೊಳಗಿನ ಗಾಳಿಯೇ ಮಲೆನಾಡಿನ ಚಳಿಯಲ್ಲಿ ಮೈ ಬೆಚ್ಚಗಿಡುವುದು.

ತೇಪೆ

ಈಗ ಕೌದಿಯನ್ನು ಎದುರಿಗೆ ತಿರುಗಿಸಿ. ಬಣ್ಣದ ತುಂಡುಗಳನ್ನು ನೋಡುವ ಹೊತ್ತು ಬಂತು.

ಒಂದೇ ತೇಪೆ ಕೂರುವುದನ್ನು ಹತ್ತಿರದಿಂದ ನೋಡಿ. ಹೊಲಿಯುವಾಕೆ ತುಂಡನ್ನು ಜಾಗದಲ್ಲಿಟ್ಟು ಅಂಗೈಯಿಂದ ಒಮ್ಮೆ ಸವರುತ್ತಾಳೆ. ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತದೆ, ಅದನ್ನು ಹಾಗೇ ಹೊಲಿಯುವಂತಿಲ್ಲ. ಅರ್ಧ ಬೆರಳಿನಷ್ಟನ್ನು ಒಳಕ್ಕೆ ಮಡಚಿ ಉಗುರಿನಿಂದ ಗೀರಿ ಕೂರಿಸುತ್ತಾಳೆ. ಇಸ್ತ್ರಿಯ ಕೆಲಸ ಉಗುರಿನಲ್ಲೇ ಮುಗಿಯುತ್ತದೆ. ಸೂಜಿಯ ಮೇಲೆ ಮೂರೋ ನಾಲ್ಕೋ ಟಾಕು ಒಟ್ಟಿಗೆ ಏರಿಸಿಕೊಂಡು ಒಂದೇ ಸಲಕ್ಕೆ ದಾರ ಎಳೆಯುತ್ತಾಳೆ. ಮೂಲೆಗೆ ಬಂದಾಗ ಕೈ ನಿಧಾನವಾಗುತ್ತದೆ. ಅಲ್ಲಿ ಎರಡು ಕಡೆಯ ಮಡಿಕೆ ಸೇರಿ ದಪ್ಪ ಹೆಚ್ಚು. ಮೊದಲು ತುದಿಯನ್ನು ಒಳಗೆ ತುರುಕಿ, ಆಮೇಲೆ ಪಕ್ಕದ ಮಡಿಕೆ ತಂದು ಅದರ ಮೇಲೆ ಒಂದು ಟಾಕು ಹೆಚ್ಚಿಗೆ ಹಾಕುತ್ತಾಳೆ. ದಾರದ ಗಂಟು ಹೊರಗೆ ಕಾಣದ ಹಾಗೆ ಪದರಗಳ ನಡುವೆ ಸೇರುತ್ತದೆ. ಎಲ್ಲ ಬೆರಳೆಣಿಕೆಯ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ತೇಪೆಯ ಮೂಲೆ ಚೂಪಾಗಿ ನಿಂತಿದೆಯೇ, ಗುಂಡಾಗಿ ಸುರುಟಿದೆಯೇ ಎಂದು ನೋಡಿದರೆ ಹೊಲಿದವಳ ಅನುಭವ ಎಷ್ಟು ಎಂದು ಅಂದಾಜು ಸಿಗುತ್ತದೆ.

ತೇಪೆಯ ಜಾಗವನ್ನೂ ಗಮನಿಸಿ. ಕೌದಿ ಬೇಗ ಸವೆಯುವುದು ಎರಡು ಕಡೆ: ಕತ್ತಿನ ಹತ್ತಿರ ಎಳೆದುಕೊಳ್ಳುವ ಅಂಚಿನಲ್ಲಿ, ಕಾಲು ತಿಕ್ಕುವ ತುದಿಯಲ್ಲಿ. ಹಳೆಯ ಕೌದಿಯಲ್ಲಿ ಆ ಜಾಗಗಳಲ್ಲಿ ತೇಪೆಯ ಮೇಲೆ ತೇಪೆ ಇರುತ್ತದೆ. ಮೊದಲೇ ಗೊತ್ತಿದ್ದು ಅಲ್ಲಿ ಗಟ್ಟಿ ತುಂಡು ಹಾಕಿದ್ದರೆ ಅದು ಮುಂದಾಲೋಚನೆ. ಇನ್ನು ಆ ತುಂಡುಗಳು ಯಾವುವು? ಕೆಂಪು ಸೆರಗಿನಲ್ಲಿ ಬಿಳಿ ತೆನೆ ಕಂಡರೆ ಇಳಕಲ್ ಸೀರೆ. ಹೊಳೆಯುವ ನೇಯ್ಗೆಯ ಸಣ್ಣ ಮುಕ್ಕೋನ ಕಂಡರೆ ಗುಳೇದಗುಡ್ಡದ ಖಣದ ಕುಪ್ಪಸದಲ್ಲಿ ಉಳಿದ ಚೂರು. ಲುಂಗಿಯ ಚೌಕುಳಿ, ಶಾಲೆಯ ಯೂನಿಫಾರಂನ ನೀಲಿ, ಅಂಗಿಯ ಪಟ್ಟೆ ಎಲ್ಲ ಒಂದೇ ಹಾಸಿನಲ್ಲಿ ಸೇರಿರುತ್ತವೆ. ಮನೆಯವರು ಪಕ್ಕದಲ್ಲಿದ್ದರೆ "ಅಜ್ಜಿ, ಇದು ಯಾರ ಸೀರೇದು?" ಎಂದು ಕೇಳಿ. ಬೆಲೆ ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಮಾತು ಅದು. ಉತ್ತರದಲ್ಲಿ ಮದುವೆ, ಬಾಣಂತನ, ಜಾತ್ರೆ ಎಲ್ಲ ಬರುತ್ತವೆ, ಹೊಲಿದವಳು ಆ ತುಂಡನ್ನು ನಡುವಿಗೇ ಏಕೆ ಇಟ್ಟಳು ಎಂಬುದೂ ತಿಳಿಯುತ್ತದೆ.

ಕೈಯಿಂದ ಕೈಗೆ

ಬಯಲುಸೀಮೆಯ ಕೌದಿಯಲ್ಲಿ ಸಾಲುಗಳು ಉದ್ದಕ್ಕೆ, ನೇರಕ್ಕೆ ಓಡುತ್ತವೆ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರ ಹೆಂಗಸರು ಈ ಕೆಲಸಕ್ಕೆ ಹೆಸರಾದವರು. ಸುಗ್ಗಿ ಮುಗಿದ ಬೇಸಿಗೆಯಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದರು. ಬಟ್ಟೆ ಮನೆಯವರದು, ಸೂಜಿ ಮತ್ತು ಕಣ್ಣು ಅವರದು. ಹಾಗಾಗಿ ಒಂದು ಓಣಿಯ ಹತ್ತಾರು ಕೌದಿಗಳಲ್ಲಿ ಬಟ್ಟೆ ಬೇರೆ ಬೇರೆ ಇದ್ದರೂ ಸಾಲಿನ ನಡೆ ಒಂದೇ ಇರುವುದುಂಟು.

ಸಿದ್ದಿಯರದು ಬೇರೆ ನಡೆ. ಆಫ್ರಿಕಾ ಮೂಲದ ಈ ಜನ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕೌದಿಯನ್ನು ಅವರು ಕವಂದಿ ಎನ್ನುತ್ತಾರೆ. ಹೊಲಿಗೆ ಮೂಲೆಯಿಂದ ಶುರುವಾಗಿ ಅಂಚಿನುದ್ದಕ್ಕೂ ಸುತ್ತಿ, ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬಂದು ನಡುವಿನಲ್ಲಿ ಮುಗಿಯುತ್ತದೆ. ತುಂಡು ಜೋಡಿಸುವ ಕೆಲಸ ಬೇರೆ, ಪದರ ಹೊಲಿಯುವ ಕೆಲಸ ಬೇರೆ ಎಂಬ ಭಾಗವೇ ಅಲ್ಲಿಲ್ಲ. ಒಂದೇ ಟಾಕು ತೇಪೆಯನ್ನೂ ಹಿಡಿಯುತ್ತದೆ, ಪದರವನ್ನೂ ಹಿಡಿಯುತ್ತದೆ. ಮುಂದಿನ ತುಂಡು ಯಾವುದು ಎಂಬ ನಿರ್ಧಾರ ಹೊಲಿಯುತ್ತಲೇ ಆಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣದ ಚೂರುಗಳನ್ನು ಮುಕ್ಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಶಿಲುಬೆ, ಕೆಲವದರಲ್ಲಿ ಚಂದ್ರ ಕಾಣುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರದೇಶಗಳ ನೋಡುಗರಿಗೆ ಪರಿಚಯಿಸಿದರು.

ಲಂಬಾಣಿ ಕೈಯನ್ನು ನೋಡುವುದು ಇನ್ನೂ ಹತ್ತಿರದಿಂದ. ಅಲ್ಲಿ ಹಾಸು ಚಿಕ್ಕದು: ಚೀಲ, ಪೇಟಿಯಾ ಎಂಬ ಲಂಗದ ಪಟ್ಟಿ, ಕಾಂಚಳಿ ಎಂಬ ಕುಪ್ಪಸದ ತೋಳು. ಪದರದ ಬಟ್ಟೆಯನ್ನು ಒತ್ತೊತ್ತಾಗಿ ಹೊಲಿದು ಗಟ್ಟಿ ಮಾಡಿ, ಅದರ ಮೇಲೆ ತೇಪೆ, ಕನ್ನಡಿ, ಕವಡೆ ಕೂರಿಸುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ. ಇಲ್ಲಿ ಮೊದಲು ನೋಡಬೇಕಾದದ್ದು ಕನ್ನಡಿಯ ಸುತ್ತ ದಾರ ಎಷ್ಟು ಒತ್ತಾಗಿ ಅಪ್ಪಿಕೊಂಡಿದೆ ಎಂಬುದನ್ನು. ಕನ್ನಡಿಗೆ ತೂತಿಲ್ಲ, ಅದನ್ನು ಹಿಡಿದಿರುವುದು ದಾರ ಮಾತ್ರ.

ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಸಂತತಿಯ ಹೆಂಗಸರು ಅಲ್ಲಿ ದುಡಿಮೆಯ ಸವೆದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆಗೇರಿದವು. ಚಿತ್ರಕಲೆಯನ್ನು ನೋಡುವ ಕಣ್ಣಿನಿಂದ ಜನ ಅವನ್ನು ನೋಡಿದರು. ಬಂಗಾಳದ ಕಾಂಥಾ ಕೂಡ ಹಳೆಯ ಸೀರೆಯ ಪದರಗಳಿಂದಲೇ ಹುಟ್ಟಿದ್ದು. ಹೋಲಿಕೆ ಕಂಡ ಕೂಡಲೇ ಯಾರು ಯಾರಿಂದ ಕಲಿತರು ಎಂದು ಹುಡುಕಲು ಹೊರಡಬೇಡಿ. ಸವೆದ ಬಟ್ಟೆ, ಚಳಿ, ಸೂಜಿ ಇದ್ದಲ್ಲೆಲ್ಲ ಕೈ ಇಂಥ ದಾರಿಯನ್ನು ಕಂಡುಕೊಂಡಿದೆ. ಆ ದಾರಿಯಲ್ಲಿ ಪ್ರತಿ ಊರೂ ತನ್ನದೊಂದು ತಿರುವು ಇಟ್ಟುಕೊಂಡಿದೆ, ರಸಿಕರು ಗುರುತಿಸಬೇಕಾದದ್ದು ಆ ತಿರುವನ್ನು.

ಅಂಚು, ಒಗೆತ, ಬಾಳಿಕೆ

ಕೌದಿ ಮೊದಲು ಬಿಚ್ಚಿಕೊಳ್ಳುವುದು ಅಂಚಿನಲ್ಲಿ. ಆದ್ದರಿಂದ ಕೊಳ್ಳುವಾಗ ಅಂಚಿನುದ್ದಕ್ಕೂ ಬೆರಳು ಓಡಿಸಿ. ಕೆಲವರು ಬೆನ್ನಿನ ಬಟ್ಟೆಯನ್ನೇ ಎದುರಿಗೆ ಮಡಚಿ ಹೊಲಿಯುತ್ತಾರೆ, ಕೆಲವರು ಬೇರೆ ಪಟ್ಟಿ ಕೊಡುತ್ತಾರೆ. ಎರಡೂ ಸರಿಯೇ. ಪಟ್ಟಿ ಎಲ್ಲೂ ಟೊಳ್ಳಾಗಿರಬಾರದು, ಅಂಚಿಗೆ ಕನಿಷ್ಠ ಎರಡು ಸಾಲು ಹೊಲಿಗೆ ಬಿದ್ದಿರಬೇಕು. ಆಮೇಲೆ ಕೌದಿಯನ್ನು ನಾಲ್ಕಾಗಿ ಮಡಚಿ ನೋಡಿ. ಮೂಲೆ ಮೂಲೆಗೆ ಕೂಡಿದರೆ ಪದರ ಜಾರದಂತೆ ಹೊಲಿದಿದ್ದಾರೆ ಎಂದರ್ಥ.

ಮಲೆನಾಡಿನ ಮಳೆಗೆ ಹೊರಗೆ ಹೊರಟವರು ಹೊದೆಯುತ್ತಿದ್ದದ್ದು ಕಂಬಳಿ. ಕೌದಿ ಒಳಮನೆಯದು. ಉಣ್ಣೆ ನೀರನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ನೂಲಿನ ಪದರ ಹಾಗಲ್ಲ, ಕುಡಿದುಬಿಡುತ್ತದೆ. ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು, ಜಡಿಮಳೆಯಲ್ಲಿ ಅದು ಒಣಗುವುದೂ ಇಲ್ಲ. ಹಾಗಾಗಿ ಒಗೆತವೆಲ್ಲ ಬಿಸಿಲು ಕಂಡಾಗ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಕೆರೆಗೋ ಹಳ್ಳಕ್ಕೋ ಹೊತ್ತು ಒಗೆದು ತರುವ ಪದ್ಧತಿ ಹಾನಗಲ್ಲಿನಿಂದಾಚೆ ಬಹಳ ಊರುಗಳಲ್ಲಿ ಇದೆ. ನಿಮ್ಮ ಕೌದಿಯನ್ನೂ ತಣ್ಣೀರಿನಲ್ಲಿ ಒಗೆಯಿರಿ, ಹಿಂಡಿ ತಿರುಚಬೇಡಿ, ಹಗ್ಗಕ್ಕೆ ಜೋತುಹಾಕುವುದಕ್ಕಿಂತ ಹಾಸಿ ಒಣಗಿಸಿ. ನೀರಿನ ಭಾರಕ್ಕೆ ಹೊಲಿಗೆ ಜಗ್ಗಬಾರದು.

ಹರಿದರೆ ಎಸೆಯಬೇಡಿ. ಹರಿದ ಕೌದಿಯ ಮೇಲೆ ಹೊಸ ಹಾಸು ಹಾಸಿ ಮತ್ತೆ ಸಾಲು ಹೊಲಿಯುವುದು ಹಳೆಯ ರೂಢಿ. ಆಗ ಹಳೆಯ ಕೌದಿ ಹೊಸದರ ಒಳಪದರವಾಗುತ್ತದೆ. ತೀರಾ ದಪ್ಪ ಕೌದಿಯನ್ನು ತಿಕ್ಕಿ ನೋಡಿದಾಗ ಒಳಗೆ ಇನ್ನೊಂದು ಕೌದಿಯ ಸಾಲುಗಳು ಬೆರಳಿಗೆ ಸಿಕ್ಕರೆ ಅದನ್ನು ದೋಷವೆನ್ನಬೇಡಿ. ಎರಡು ತಲೆಮಾರಿನ ಕೆಲಸ ಅಲ್ಲಿ ಒಟ್ಟಿಗಿದೆ.

ಕೊನೆಯದಾಗಿ ಬೆಲೆಯ ಮಾತು. ಹಳೆ ಬಟ್ಟೆಯದು ತಾನೇ ಎಂದು ಚೌಕಾಸಿಗೆ ಇಳಿಯುವವರು ಇನ್ನೂ ಇದ್ದಾರೆ. ಅಂಥ ಮಾತು ಬಾಯಿಗೆ ಬರುವ ಮುನ್ನ ಕೌದಿಯ ಬೆನ್ನಿನ ಮೇಲೆ ಒಂದು ಗೇಣು ಅಳತೆಯಲ್ಲಿ ಎಷ್ಟು ಟಾಕಿವೆ ಎಂದು ಎಣಿಸಿ, ಎಷ್ಟು ಸಾಲಿವೆ ಎಂದೂ ಎಣಿಸಿ, ಇಡೀ ಹಾಸಿಗೆ ಅದನ್ನು ಗುಣಿಸಿ. ಬಟ್ಟೆಗೆ ಬೆಲೆ ಇಲ್ಲದಿರಬಹುದು, ನೀವು ಹಣ ಕೊಡುತ್ತಿರುವುದು ಆ ಎಣಿಕೆಗೆ. ಅದನ್ನು ಲೆಕ್ಕ ಹಾಕಿ, ಚೌಕಾಸಿ ಮಾಡದೆ ಕೊಟ್ಟು, ಮನೆಗೆ ತಂದು, ಪೆಟ್ಟಿಗೆಯಲ್ಲಿಡದೆ ಹೊದ್ದುಕೊಂಡವರು ಕೌದಿಯ ರಸಿಕರು.