ಪಂಪ್‌ಸೆಟ್ಟಿನ ಬೋಲ್ಟಿಗೆ ಯಾವ ವಾಷರ್?

ಅದುರುವ ಯಂತ್ರದ ಬೋಲ್ಟು ಸಡಿಲವಾಗದಿರಲಿ ಎಂದು ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಹಾಕುವುದು ವರ್ಕ್‌ಶಾಪುಗಳ ಹಳೆಯ ರೂಢಿ. ಕೇರಳದ ಪೆರಿಕಲ್ಲೂರು, ಕಬಿನಿ ನದಿಯ ಆಚೆ ದಡದ ಬೈರಕುಪ್ಪೆ ಮುಂತಾದ ಕೃಷಿ ಪ್ರದೇಶಗಳಲ್ಲಿ ನೀರೆತ್ತಲು ಬಳಸುವಂಥ ಡೀಸೆಲ್ ಪಂಪ್‌ಸೆಟ್ ಈ ರೂಢಿಯನ್ನು ಒರೆಗೆ ಹಚ್ಚಲು ತಕ್ಕ ಯಂತ್ರ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಗಂಟೆಗೆ 45,000 ಸಲ ಇಂಧನ ಸಿಡಿಯುತ್ತದೆ. ಅಷ್ಟೂ ಸಲ ಅದರ ತಳದ ಬೋಲ್ಟುಗಳ ಮೇಲೆ ಏಟು ಬೀಳುತ್ತದೆ.

ಜೋಡಣೆಯನ್ನು ಹಿಡಿದಿಡುವುದು ಬೋಲ್ಟಿನ ಎಳೆತ. ತಲೆಯ ಮೇಲೆ 8.8 ಎಂಬ ಗುರುತಿರುವ 10 ಎಂಎಂ ಬೋಲ್ಟನ್ನು ಸರಿಯಾಗಿ ಬಿಗಿದಾಗ ಅದು ಎರಡೂವರೆ ಟನ್ನಿಗೂ ಮಿಕ್ಕ ಬಲದಿಂದ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 16 ಕೆ.ಜಿ.ಯಷ್ಟು ಬಲ ಹಾಕಿದರೆ ಈ ಬಿಗಿತ ಬರುತ್ತದೆ. ಆಗ 50 ಮಿ.ಮೀ. ಹಿಡಿತದ (ತಲೆಗೂ ನಟ್ಟಿಗೂ ನಡುವಿನ ಉದ್ದದ) ಬೋಲ್ಟು ಉದ್ದವಾಗುವುದು ಹೆಚ್ಚೆಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ನಟ್ಟಿನ ಕೆಳಗಿನ ಬಣ್ಣ, ತುಕ್ಕು ಅಥವಾ ಮರ ಆ ಹಿಗ್ಗಿನ ಕಾಲುಭಾಗದಷ್ಟು ತಗ್ಗಿದರೂ ಬಿಗಿತದ ಕಾಲುಭಾಗ ಹೋಯಿತು. ಹಿಡಿತ 10 ಮಿ.ಮೀ. ಮಾತ್ರ ಇದ್ದರೆ ಅಷ್ಟೇ ತಗ್ಗಿಗೆ ಬಿಗಿತ ಪೂರ್ತಿ ಹೋಗುತ್ತದೆ. ಗಿಡ್ಡ ಬೋಲ್ಟುಗಳು ಬೇಗ ಸಡಿಲವಾಗುವುದಕ್ಕೆ ಕಾರಣ ಇದೇ.

ನಟ್ಟು ತಾನಾಗಿ ತಿರುಗಿ ಬಿಚ್ಚಿಕೊಳ್ಳುವುದರ ಕಾರಣವನ್ನು 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟರು. ಬೋಲ್ಟಿನ ಉದ್ದಕ್ಕೆ ಬೀಳುವ ಏಟಿಗಿಂತ ಅಡ್ಡ ಅಲುಗಾಟವೇ ಹೆಚ್ಚು ಅಪಾಯಕಾರಿ. ಭಾಗಗಳು ಅಡ್ಡ ಜಾರಿದ ಗಳಿಗೆಯಲ್ಲಿ ಮರೆಯ (ಥ್ರೆಡ್ಡಿನ) ಘರ್ಷಣೆ ಹಿಡಿತ ಬಿಡುತ್ತದೆ, ನಟ್ಟು ಹಿಂದಕ್ಕೆ ತಿರುಗುತ್ತದೆ. ಅವರು ರೂಪಿಸಿದ ಪರೀಕ್ಷೆಯಲ್ಲೇ ಇಂದಿಗೂ ಲಾಕಿಂಗ್ ವಾಷರುಗಳ ಗುಣ ಅಳೆಯುತ್ತಾರೆ.

ಈ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಸೋಲುತ್ತದೆ. ಅದನ್ನು ಚಪ್ಪಟೆ ಮಾಡಲು ಬೇಕಾದ ಬಲ ಬೋಲ್ಟಿನ ಎಳೆತದ ಹತ್ತರಲ್ಲೊಂದಕ್ಕೂ ಕಡಿಮೆ. ಪೂರ್ತಿ ಬಿಗಿದ ಮೇಲೆ ಅದು ಬರೀ ಚಪ್ಪಟೆ ಉಂಗುರ. ಅದರ ಪುಟಿತ ಮರಳುವ ಹೊತ್ತಿಗೆ ಜೋಡಣೆಯ ಬಿಗಿತ ಬಹುಪಾಲು ಹೋಗಿರುತ್ತದೆ. ನಾಸಾದ 1990ರ ಕೈಪಿಡಿ ಇದನ್ನು ಲಾಕಿಂಗ್‌ಗೆ ನಿರುಪಯುಕ್ತವೆಂದಿದೆ. ಭಾರತದಲ್ಲಿ ಐಎಸ್ 3063ರ ಪ್ರಕಾರ ತಯಾರಾಗುವ ಈ ವಾಷರ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಅದು ಉಳಿದುಕೊಂಡಿರುವುದು ಈ ಗುಣಗಳಿಂದ. ಹಲ್ಲಿನ ಸ್ಟಾರ್ ವಾಷರ್ ಸಣ್ಣ ಸ್ಕ್ರೂಗಳಿಗೆ, ವಿದ್ಯುತ್ತಿನ ಅರ್ತಿಂಗ್ ಜೋಡಣೆಗೆ ಸರಿ. ಎಂಜಿನ್ನಿನ ತಳಕ್ಕೆ ಅದು ಸಾಲದು.

ಸಾದಾ ಪ್ಲೇನ್ ವಾಷರಿಗೆ ಲಾಕ್ ಮಾಡುವ ಗುಣವಿಲ್ಲ. ಆದರೆ ಭಾರವನ್ನು ಹರಡಿ ತಳ ತಗ್ಗದಂತೆ ನೋಡಿಕೊಳ್ಳುತ್ತದೆ. ಮರದ ದಿಮ್ಮಿಯ ಮೇಲೋ ಉದ್ದ ತೂತಿನ ಮೇಲೋ ಕೂರಿಸುವಾಗ ದಪ್ಪನೆಯ ದೊಡ್ಡ ವಾಷರ್ ಬೇಕೇ ಬೇಕು. 8.8 ಬೋಲ್ಟಿಗೆ ತೆಳು ತಗಡಿನ ಮೆತ್ತನೆ ವಾಷರ್ ಹಾಕಿದರೆ ಅದೇ ನಲುಗಿ ಬಿಗಿತ ಕಳೆಯುತ್ತದೆ. ಹದಗೊಳಿಸಿದ ಗಟ್ಟಿ ಉಕ್ಕಿನದೇ ಆಗಬೇಕು. ಶಂಕುವಿನಾಕಾರದ ಡಿಸ್ಕ್ ವಾಷರ್ ದೊಡ್ಡ ಬಲವನ್ನು ತಾಳಿ ಪುಟಿಯುವುದರಿಂದ ಜೋಡಣೆ ತಗ್ಗಿದಾಗಿನ ನಷ್ಟವನ್ನು ತುಂಬಬಲ್ಲದು, ಆದರೆ ತಿರುಗುವುದನ್ನು ತಡೆಯದು.

ಅಡ್ಡ ಅಲುಗಾಟವನ್ನು ನಿಜವಾಗಿ ತಡೆದುಕೊಳ್ಳುವುದು ಜೋಡಿ ಬೆಣೆ ವಾಷರ್. ಇದರ ಒಳಮೈಯ ಇಳಿಜಾರು ಬೋಲ್ಟಿನ ಮರೆಯ ಇಳಿಜಾರಿಗಿಂತ ಹೆಚ್ಚು. ನಟ್ಟು ಹಿಂದಕ್ಕೆ ತಿರುಗಲು ಹೋದರೆ ವಾಷರುಗಳು ಒಂದರ ಮೇಲೊಂದು ಏರಿ ಬೋಲ್ಟನ್ನು ಇನ್ನಷ್ಟು ಎಳೆಯುತ್ತವೆ. ಬೆಲೆ ಹೆಚ್ಚು, ಎರಡನ್ನೂ ಇಳಿಜಾರಿನ ಮೈಗಳು ಎದುರುಬದುರಾಗುವಂತೆ ಕೂರಿಸಬೇಕು. ಹಿಂಬದಿಯ ಹಲ್ಲು ಕಚ್ಚಿಕೊಳ್ಳಲು ಕೆಳಗಿನ ಮೈ ವಾಷರಿಗಿಂತ ಮೆತ್ತಗಿರಬೇಕು. ಬೆಣೆ ವಾಷರಿಗೂ ತಳಕ್ಕೂ ನಡುವೆ ಸಡಿಲ ಪ್ಲೇನ್ ವಾಷರ್ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಕಡಿಮೆ ಖರ್ಚಿನಲ್ಲಿ ನೈಲಾನ್ ಉಂಗುರದ ನಟ್ಟು ಒಳ್ಳೆಯದು. ಬಿಗಿತ ಹೋದರೂ ನಟ್ಟು ಕಳಚಿ ಬೀಳದಂತೆ ಅದು ಹಿಡಿಯುತ್ತದೆ. ಸೈಲೆನ್ಸರಿನ ಬಳಿಯ ಕಾವಿಗೆ ನೈಲಾನ್ ತಾಳದು. ಅಲ್ಲಿ ಪೂರ್ತಿ ಲೋಹದ ಲಾಕ್‌ನಟ್ಟೇ ಬೇಕು.

ಒಟ್ಟಿನಲ್ಲಿ ಮೊದಲ ಮಹತ್ವ ಸರಿಯಾದ ಬಿಗಿತಕ್ಕೆ, ಎರಡನೆಯದು ಬೋಲ್ಟಿನ ಉದ್ದಕ್ಕೆ, ವಾಷರಿನದು ಮೂರನೆಯ ಸ್ಥಾನ. ಪಂಪ್‌ಸೆಟ್ಟಿನ ತಳಕ್ಕೆ ಉದ್ದನೆಯ 8.8 ಬೋಲ್ಟು, ಗಟ್ಟಿ ಪ್ಲೇನ್ ವಾಷರ್, ನೈಲಾನ್ ನಟ್ಟು ಸಾಕು. ಮೇಲಿಂದ ಮೇಲೆ ಸಡಿಲವಾಗುವ ಕಡೆ ಬೆಣೆ ವಾಷರಿಗೆ ಹಣ ಹಾಕಬಹುದು. ಕೂರಿಸಿ ಕೆಲವು ಗಂಟೆ ಓಡಿಸಿದ ಮೇಲೆ ಎಂಜಿನ್ನು ನಿಲ್ಲಿಸಿ ಮತ್ತೊಮ್ಮೆ ಬಿಗಿದು, ನಟ್ಟಿನಿಂದ ತಳದವರೆಗೆ ಬಣ್ಣದ ಗೆರೆ ಎಳೆದಿಡಬೇಕು. ಗೆರೆ ಮುರಿದರೆ ನಟ್ಟು ತಿರುಗಿದೆ ಎಂದರ್ಥ. ಸ್ಪ್ರಿಂಗ್ ವಾಷರನ್ನು ಹಾಕದೆ ಬಿಟ್ಟರೂ ನಷ್ಟವಿಲ್ಲ.