ಕೊಟ್ಟಿಗೆಯಿಂದ ಒಲೆಗೆ

ಪ್ಲಾಸ್ಮಾ ವಿಧಾನದಲ್ಲಿ ಕಸವನ್ನು ಅನಿಲವಾಗಿಸಲು ಸಾವಿರಾರು ಡಿಗ್ರಿ ಶಾಖ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿಗೆ ಅದರ ಹಂಗಿಲ್ಲ. 35 ಡಿಗ್ರಿಯಷ್ಟು ಬೆಚ್ಚಗಿದ್ದರೆ ಒಳಗಿನ ಬ್ಯಾಕ್ಟೀರಿಯಾಗಳು ಹುರುಪಿನಿಂದ ದುಡಿಯುತ್ತವೆ.

ನನಗೆ ಬಲು ಮೆಚ್ಚುಗೆಯಾಗಿರುವುದು 1984ರಲ್ಲಿ ಬಂದ ದೀನಬಂಧು ಮಾದರಿ. ಇಟ್ಟಿಗೆ, ಸಿಮೆಂಟಿನ ಗುಮ್ಮಟ ಪೂರಾ ನೆಲದೊಳಗೆ. ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ, ತಿರುಗುವ ಭಾಗವೂ ಇಲ್ಲ. ಅನಿಲ ಹೆಚ್ಚಾದಂತೆ ಬಗ್ಗಡವನ್ನು ಹೊರತೊಟ್ಟಿಗೆ ತಳ್ಳುತ್ತದೆ. ಒಲೆ ಹಚ್ಚಿದಾಗ ಅದೇ ಬಗ್ಗಡ ಹಿಂದಕ್ಕೆ ಒತ್ತಿ ಅನಿಲವನ್ನು ಅಡುಗೆಮನೆಗೆ ಕಳಿಸುತ್ತದೆ. ಎಂಥ ಅಚ್ಚುಕಟ್ಟು!

ಬೆಳಿಗ್ಗೆ ತೊಟ್ಟಿಯಲ್ಲಿ ಸಗಣಿಗೆ ಸಮ ಪ್ರಮಾಣದ ನೀರು ಬೆರೆಸಿ, ಗಂಟು ಉಳಿಯದಂತೆ ಕಲಸಬೇಕು. ಮಲೆನಾಡಿನ ಕೊಟ್ಟಿಗೆಗೆ ಸೊಪ್ಪು, ದರಗು ಹಾಸುವುದು ವಾಡಿಕೆಯಾದ್ದರಿಂದ ಅದನ್ನು ಕೈಯಿಂದಲೇ ಆರಿಸಿ ತೆಗೆಯಬೇಕು. ಇಲ್ಲದಿದ್ದರೆ ಒಳಗೆ ತೇಲಿ ಕೆನೆಗಟ್ಟಿ ಅನಿಲದ ದಾರಿ ಕಟ್ಟುತ್ತದೆ. ಒಲೆಯ ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. ಅದನ್ನು ಇಳಿಸಿದರೆ ನೀಲಿ ಜ್ವಾಲೆ ಮತ್ತೆ ಸ್ಥಿರ.

ಆಷಾಢದ ಥಂಡಿಗೆ ಗ್ಯಾಸ್ ಕಡಿಮೆಯಾಗುತ್ತದೆ, ನಿಜ. ಆದರೆ ಸೌದೆಯೂ ಒದ್ದೆಯಾಗಿ ಹೊಗೆಯಾಡುವ ಆ ದಿನಗಳಲ್ಲಿ ಒಂದು ಹೊತ್ತಿನ ಅನ್ನ, ಸಾರು ಇದರಲ್ಲಾದರೂ ಕಣ್ಣುರಿ ತಪ್ಪಿತಲ್ಲ! ಅನಿಲ ಕೊಟ್ಟ ಮೇಲೂ ಬಗ್ಗಡದಲ್ಲಿ ಸಾರಜನಕ ಉಳಿದಿರುತ್ತದೆ. ಇಳಿಜಾರಿದ್ದ ಕಡೆ ಅದನ್ನು ಕಾಲುವೆಯಲ್ಲಿ ಹರಿಸಿ, ಅಡಿಕೆ ಮರದ ಬುಡಕ್ಕೆ ಮುಟ್ಟಿಸುತ್ತಾರೆ.