ತಿರುವಿಗೆ ಮಾರ್ಕ್ಸ್ ಕಳೆಯುವ ಆ್ಯಪ್

ಹೋದ ಸಲ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪನಿಗೆ ಡ್ರೈವಿಂಗ್ ಸರಿಯಾಗಿ ಬರುವುದಿಲ್ಲ ಅಂತ ಒಂದು ಆ್ಯಪ್ ತೀರ್ಪು ಕೊಟ್ಟುಬಿಟ್ಟಿತು. ನಾನು ಬಾಲವಾಡಿಗೆ ಹೋಗುತ್ತಿದ್ದ ಕಾಲದಿಂದ ಚಾರ್ಮಾಡಿ ಘಾಟಿಯಲ್ಲಿ ಜೀಪು ಓಡಿಸಿದ ಮನುಷ್ಯ ಅವರು. ಇವತ್ತಿನವರೆಗೆ ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಕ್ಲೈಮ್ ತೆಗೆದುಕೊಂಡವರಲ್ಲ.

ವಿಮಾ ಕಂಪನಿಗಳಿಗೆ ಐಆರ್‌ಡಿಎಐ 2022ರ ಜುಲೈನಲ್ಲಿ ಎರಡು ಹೊಸ ದಾರಿ ತೆರೆಯಿತು. ಒಂದು, ಗಾಡಿ ಎಷ್ಟು ಓಡುತ್ತದೆ ಅನ್ನೋದರ ಮೇಲೆ ಪ್ರೀಮಿಯಂ. ಇನ್ನೊಂದು, ಹೇಗೆ ಓಡಿಸುತ್ತೀರಿ ಅನ್ನೋದರ ಮೇಲೆ. ಥರ್ಡ್ ಪಾರ್ಟಿ ದರ ಸರ್ಕಾರ ಗೊತ್ತು ಮಾಡುವುದರಿಂದ ಅದು ಹಾಗೇ ಇರುತ್ತದೆ. ವ್ಯತ್ಯಾಸ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ. ನನ್ನ ತಕರಾರು ಇರುವುದು ಎರಡನೆಯದರ ಬಗ್ಗೆ.

ನಾನೂ ಕೋಡ್ ಬರೆದೇ ಅನ್ನ ತಿನ್ನುವವನು, ಹಾಗಾಗಿ ಒಳಗೆ ಏನು ನಡೆಯುತ್ತೆ ಅಂತ ಹೇಳಬಲ್ಲೆ. ಮೊಬೈಲ್‌ನಲ್ಲಿ ಆ್ಯಕ್ಸಿಲರೋಮೀಟರ್ ಇದೆ, ಜಿಪಿಎಸ್ ಇದೆ. ಗಾಡಿ ಹಿಂದೆ, ಮುಂದೆ, ಪಕ್ಕಕ್ಕೆ ಎಷ್ಟು ಜೋರಾಗಿ ಎಳೆಯುತ್ತದೆ ಅಂತ ಅಳೆದು, ಒಂದು ಮಿತಿ ದಾಟಿದ ಕೂಡಲೇ ತಪ್ಪು ಅಂತ ಬರೆದುಕೊಳ್ಳುತ್ತದೆ. ಆ ಮಿತಿಯನ್ನು ಇಡುವವನು ನನ್ನಂಥವನೇ, ಎಲ್ಲೋ ಬಯಲುಸೀಮೆಯ ಎಸಿ ರೂಮಿನಲ್ಲಿ ಕೂತು.

ಸಣ್ಣ ಲೆಕ್ಕ ಮಾಡೋಣ. ತಿರುವಿನಲ್ಲಿ ಪಕ್ಕದ ಎಳೆತ ಅಂದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ್ದು, ಪಿಯುಸಿ ಫಿಸಿಕ್ಸ್. ಘಾಟಿಯ ಹೇರ್‌ಪಿನ್ ತಿರುವಿನ ತ್ರಿಜ್ಯ 15 ಮೀಟರ್ ಅಂದುಕೊಳ್ಳಿ, ಗಾಡಿ ಗಂಟೆಗೆ 25 ಕಿ.ಮೀ. ಎಳೆತ ಸೆಕೆಂಡಿನ ವರ್ಗಕ್ಕೆ 3.2 ಮೀಟರ್, ಗುರುತ್ವದ ಸುಮಾರು ಮೂರನೇ ಒಂದು ಭಾಗ. ಈಗ ಹಾಸನದ ಹೈವೇಯಲ್ಲಿ 300 ಮೀಟರ್ ತ್ರಿಜ್ಯದ ತಿರುವನ್ನು 100ರಲ್ಲಿ ದಾಟಿ: 2.6 ಮೀಟರ್. ಅಂದರೆ 25ರಲ್ಲಿ ತೆವಳಿದವನು ಒರಟ, 100ರಲ್ಲಿ ನುಗ್ಗಿದವನು ಸಾಧು! ಸೆನ್ಸರ್ ಸುಳ್ಳು ಹೇಳಿಲ್ಲ. ಅದು ಅಳೆದದ್ದು ರಸ್ತೆಯನ್ನು, ಮಾರ್ಕ್ಸ್ ಕಳೆದದ್ದು ಮನುಷ್ಯನಿಗೆ.

ಅವತ್ತು ಆಗಿದ್ದೂ ಹೀಗೆಯೇ. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ಅಂತ ನಾನು ಓಡಿಸಿಕೊಂಡು ಬಂದೆ, ಒಳ್ಳೇ ಸ್ಕೋರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು (ಅದನ್ನು ಬಿಟ್ಟು ಮುಂದೆ ಹೋಗುವವರ ಬುದ್ಧಿಗೆ ಏನನ್ನಬೇಕೋ) ಸ್ಟೀರಿಂಗ್ ಚಿಕ್ಕಪ್ಪನಿಗೆ ಕೊಟ್ಟೆ. ಮಂಜು ಕವಿದಿತ್ತು. ಸೆಕೆಂಡ್ ಗೇರಿನಲ್ಲೇ ಇಳಿಸಿದರು, ಕುರುಡು ತಿರುವಿಗೆಲ್ಲ ಹಾರ್ನ್ ಕೊಟ್ಟರು. ಒಂದು ಕಡೆ ಕೆಳಗಿನಿಂದ ಸರ್ಕಾರಿ ಬಸ್ಸಿನ ಶಬ್ದ ಕೇಳಿ, ಅದು ಕಣ್ಣಿಗೆ ಬೀಳುವ ಮೊದಲೇ ಬದಿಗೆ ತೆಗೆದು ನಿಲ್ಲಿಸಿದರು. ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನೋದು ಕಾನೂನಿನಲ್ಲೂ ಇದೆ. ಕೆಳಗೆ ತಲುಪಿ ನೋಡಿದರೆ ಒರಟು ಬ್ರೇಕು, ಒರಟು ತಿರುವು ಅಂತ ಕೆಂಪು ಚುಕ್ಕೆಗಳ ಸಾಲು. ಎಲ್ಲವೂ ನನ್ನ ಹೆಸರಿನಲ್ಲಿ! ಸ್ಟೀರಿಂಗ್ ಕೈ ಬದಲಾಗಿದ್ದೂ ಅದಕ್ಕೆ ಗೊತ್ತಿಲ್ಲ.

ಇದಕ್ಕಿಂತ ಹೆದರಿಕೆಯ ವಿಷಯ ಬೇರೆ ಇದೆ. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಘಾಟಿ ಇಳಿಯುವವರಿದ್ದಾರೆ. ಬ್ರೇಕು ಕಾದು ಹಿಡಿತ ಬಿಡುವುದು ಹೀಗೆಯೇ. ಆದರೆ ಮೊಬೈಲಿಗೆ ಅದು ಬೆಣ್ಣೆಯಂಥ ಡ್ರೈವಿಂಗ್, ಒಂದೂ ಜರ್ಕ್ ಇಲ್ಲ. ಕಾಫಿ ತೋಟದಿಂದ ಆನೆಯೋ ದನವೋ ಅಡ್ಡ ಬಂದಾಗ ಗಕ್ಕನೆ ನಿಲ್ಲಿಸಿ ಜೀವ ಉಳಿಸಿದವನಿಗೆ ಮಾತ್ರ ಮೈನಸ್.

ಹಾಗಂತ ಎಲ್ಲ ತೆಗೆದು ಬಿಸಾಕಿ ಅನ್ನಲಾರೆ. ಓಡಿಸುತ್ತಾ ಫೋನ್ ಒತ್ತುವವನನ್ನು ಹಿಡಿಯುವ ಭಾಗ ನನಗೆ ಇಷ್ಟವಾಯಿತು. ಅದು ಕಳಸದಲ್ಲೂ ತಪ್ಪೇ, ಕೋರಮಂಗಲದಲ್ಲೂ ತಪ್ಪೇ.

"ದಂಡ ಹಾಕಲ್ವಲ್ಲ, ಒಳ್ಳೆಯವರಿಗೆ ಡಿಸ್ಕೌಂಟ್ ಅಷ್ಟೇ" ಅಂತ ಆಫೀಸಿನ ಗೆಳೆಯ ವಾದ ಮಾಡಿದ. ನೇರ ರಸ್ತೆಯವರಿಗೆಲ್ಲ ಡಿಸ್ಕೌಂಟ್ ಸಿಕ್ಕಿ ಗುಡ್ಡದವರಿಗೆ ಸಿಗದಿದ್ದರೆ, ಅದನ್ನು ದಂಡ ಅನ್ನದೆ ಇನ್ನೇನನ್ನಬೇಕು? ತಮಾಷೆ ನೋಡಿ, ಹಳೇ ಮೋಟಾರ್ ಟ್ಯಾರಿಫ್‌ನಲ್ಲಿ ಬೆಂಗಳೂರು ಎ ವಲಯ, ನಮ್ಮೂರು ಬಿ ವಲಯ. ಬೆಂಗಳೂರಿನ ಕಾರಿಗೇ ದರ ಜಾಸ್ತಿ. ಇನ್ನು ನೋ ಕ್ಲೈಮ್ ಬೋನಸ್ ಕೇಳುವುದು ಒಂದೇ ಪ್ರಶ್ನೆ: ಕ್ಲೈಮ್ ಮಾಡಿದ್ದೀರಾ? ಇಲ್ಲ ಅಂದರೆ ಮೊದಲ ವರ್ಷಕ್ಕೆ 20 ಪರ್ಸೆಂಟ್, ಐದು ವರ್ಷಕ್ಕೆ 50. ಒಡ್ಡು ಲೆಕ್ಕವೇ ಇರಬಹುದು, ಆದರೆ ಚಿಕ್ಕಪ್ಪನಿಗೆ ಅದು ಮೋಸ ಮಾಡಿಲ್ಲ.

ಸರಿ ಮಾಡುವುದು ಅಸಾಧ್ಯವೇನಲ್ಲ. ಚಾರ್ಮಾಡಿಯಲ್ಲಿ ಇಳಿದವನನ್ನು ಚಾರ್ಮಾಡಿಯಲ್ಲೇ ಇಳಿದ ಬೇರೆಯವರ ಜೊತೆ ಹೋಲಿಸಿ. ಮ್ಯಾಪ್ ಹೇಗೂ ಕೈಯಲ್ಲೇ ಇದೆಯಲ್ಲ. ಯಾವ ಚುಕ್ಕೆಗೆ ಎಷ್ಟು ಮಾರ್ಕ್ಸ್ ಹೋಯಿತು ಅಂತ ತೋರಿಸಿ, ಒಪ್ಪದವನಿಗೆ ಉತ್ತರ ಹೇಳಲು ಜಾಗ ಕೊಡಿ.

ಉಜಿರೆಯಲ್ಲಿ ಕಾಫಿಗೆ ನಿಂತಾಗ ಚಿಕ್ಕಪ್ಪನಿಗೆ ಮೊಬೈಲ್ ತೋರಿಸಿದೆ. ಕನ್ನಡಕ ಮೇಲೇರಿಸಿ ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ನೋಡಿದರು.

"ಅಲ್ಲ ಮಾರಾಯ, ಆ ಬಸ್ಸಿಗೆ ಸೈಡ್ ಕೊಟ್ಟು ನಿಂತ್ವಲ್ಲ, ಅದಕ್ಕೆ ಎಷ್ಟು ಕೊಟ್ಟಿದೆ ನೋಡು?"

ಮೇಲೆ ಕೆಳಗೆ ಸರಿಸಿ ಹುಡುಕಿದೆ. ಅಂಥದ್ದಕ್ಕೊಂದು ಕಾಲಮ್ಮೇ ಇರಲಿಲ್ಲ.